ಇಪ್ಪತ್ತರ ಹುಡುಗನ ಎರಡನೇ ವರ್ಷ

ಐಸ್ ಹಾಕಿಯ ಯುವ ಡಿಫೆಂಡರ್‌ಗಳು ಮೊದಲ ಋತುವಿನಲ್ಲಿ ಮಿಂಚಿ ಎರಡನೆಯದರಲ್ಲಿ ಮಂಕಾಗುತ್ತಾರೆ ಎಂಬ ಮಾತು ಹಳೆಯದು. ಹಳೆಯ ಅಂಕಿಅಂಶಗಳನ್ನು ಒಟ್ಟಿಗಿಟ್ಟು ನೋಡಿದರೆ ಆ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆ?

1988–89ರ ಋತುವಿನಲ್ಲಿ ನ್ಯೂಯಾರ್ಕ್ ರೇಂಜರ್ಸ್ ತಂಡದ ಬ್ರಯನ್ ಲೀಚ್ 68 ಪಂದ್ಯಗಳಲ್ಲಿ 23 ಗೋಲು ಹೊಡೆದರು. ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ, ಅಂದರೆ ಎನ್‌ಎಚ್‌ಎಲ್‌ನಲ್ಲಿ, ಮೊದಲ ವರ್ಷದ ಯಾವ ಡಿಫೆಂಡರ್ ಕೂಡ ಅದುವರೆಗೆ ಅಷ್ಟು ಗೋಲು ಹೊಡೆದಿರಲಿಲ್ಲ. ಅದರ ಮೇಲೆ 48 ಅಸಿಸ್ಟ್. ಒಟ್ಟು 71 ಪಾಯಿಂಟ್. ವರ್ಷದ ಶ್ರೇಷ್ಠ ಹೊಸ ಆಟಗಾರನಿಗೆ ಕೊಡುವ ಕಾಲ್ಡರ್ ಟ್ರೋಫಿ ಅವರ ಪಾಲಾಯಿತು. ಮರುವರ್ಷ ಅವರು ಇನ್ನೂ ನಾಲ್ಕು ಪಂದ್ಯ ಹೆಚ್ಚು ಆಡಿದರು. ಆದರೆ ಗೋಲು 11ಕ್ಕೆ ಇಳಿಯಿತು, ಪಾಯಿಂಟ್ 56ಕ್ಕೆ. ಎರಡನೇ ವರ್ಷ ಎಡವುವವರ ಪಟ್ಟಿಗೆ ಇನ್ನೊಂದು ಹೆಸರು ಸೇರಿತು ಎನ್ನಲು ಇಷ್ಟು ಸಾಕಾಗಿತ್ತು.

ಮೂರನೇ ವರ್ಷ ಲೀಚ್ 88 ಪಾಯಿಂಟ್ ಗಳಿಸಿದರು. ನಾಲ್ಕನೇ ವರ್ಷ 102 ಪಾಯಿಂಟ್‌ ಜತೆಗೆ ಲೀಗ್‌ನ ಶ್ರೇಷ್ಠ ಡಿಫೆಂಡರ್‌ಗೆ ಸಲ್ಲುವ ನಾರಿಸ್ ಟ್ರೋಫಿ. 1994ರಲ್ಲಿ ರೇಂಜರ್ಸ್ 54 ವರ್ಷಗಳ ಬಳಿಕ ಲೀಗ್‌ನ ಚಾಂಪಿಯನ್‌ಗೆ ಸಲ್ಲುವ ಸ್ಟ್ಯಾನ್ಲಿ ಕಪ್ ಗೆದ್ದಾಗ ಪ್ಲೇಆಫ್‌ನ ಶ್ರೇಷ್ಠ ಆಟಗಾರ ಅವರೇ. ಆ ಗೌರವ ಪಡೆದ ಮೊದಲ ಅಮೆರಿಕನ್ನರೂ ಅವರೇ. ಹಾಗಾದರೆ 1989–90ರಲ್ಲಿ ಇಳಿದದ್ದು ಏನು? ಲೀಚ್ ಅವರ ಆಟವೋ, ಅಥವಾ ನಾವು ಆಟವನ್ನು ಅಳೆಯುವ ಅಂಕಿಯೋ?

ಪ್ರತಿ ಋತುವಿನಲ್ಲೂ ಯಾರೋ ಒಬ್ಬ ಹತ್ತೊಂಬತ್ತು ಇಪ್ಪತ್ತರ ಹುಡುಗನ ಬಗ್ಗೆ ಈ ಪ್ರಶ್ನೆ ಏಳುತ್ತದೆ. ಅದಕ್ಕೆ ಅವಸರದಲ್ಲಿ ಕೊಟ್ಟ ಉತ್ತರದ ಮೇಲೆ ಕೋಟ್ಯಂತರ ಡಾಲರ್‌ಗಳ ಒಪ್ಪಂದಗಳು, ತಂಡದಿಂದ ತಂಡಕ್ಕೆ ವರ್ಗಾವಣೆಗಳು, ಕೆಲವೊಮ್ಮೆ ಇಡೀ ವೃತ್ತಿಜೀವನಗಳೇ ನಿರ್ಧಾರವಾಗುತ್ತವೆ. ಹಾಗಾಗಿ ಇದನ್ನು ನಿಧಾನವಾಗಿ ಬಿಡಿಸಿ ನೋಡಬೇಕು.

ಇಬ್ಬರ ಜೋಡಿಯ ಕೆಲಸ

ಹಾಕಿ ಎಂದರೆ ನಮ್ಮ ಕಣ್ಣಿಗೆ ಮೊದಲು ಬರುವುದು ಕೊಡಗಿನ ಮೈದಾನಗಳು. ಇಲ್ಲಿ ಹೇಳುತ್ತಿರುವುದು ಮಂಜುಗಡ್ಡೆಯ ಮೇಲಿನ ಆಟದ ಬಗ್ಗೆ. 200 ಅಡಿ ಉದ್ದ, 85 ಅಡಿ ಅಗಲದ ರಿಂಕ್. ಒಂದೊಂದು ತಂಡಕ್ಕೆ ಒಬ್ಬ ಗೋಲ್‌ಕೀಪರ್, ಮೂವರು ಫಾರ್ವರ್ಡ್‌ಗಳು, ಇಬ್ಬರು ಡಿಫೆಂಡರ್‌ಗಳು. ಪಕ್ ಎಂಬ ರಬ್ಬರ್ ಬಿಲ್ಲೆಯ ಹಿಂದೆ ಎಷ್ಟು ಬಿರುಸಿನ ಓಟವೆಂದರೆ, ಮುಕ್ಕಾಲು ನಿಮಿಷದಷ್ಟು ಆಡಿದ ಕೂಡಲೇ ಆಟಗಾರರು ಬದಲಾಗುತ್ತಾರೆ. ಡಿಫೆಂಡರ್‌ಗಳು ಇಳಿಯುವುದು ಜೋಡಿಯಾಗಿ. ಒಂದು ಪಂದ್ಯಕ್ಕೆ ಮೂರು ಜೋಡಿ. ಮೊದಲ ಜೋಡಿಯವರು 60 ನಿಮಿಷಗಳ ಪಂದ್ಯದಲ್ಲಿ 24–25 ನಿಮಿಷ ರಿಂಕ್‌ನ ಮೇಲಿರುತ್ತಾರೆ.

ಪಾಯಿಂಟ್ ಎಂದರೆ ಗೋಲು ಮತ್ತು ಅಸಿಸ್ಟ್‌ಗಳ ಮೊತ್ತ. ಗೋಲಿಗೆ ಮುಂಚೆ ಬಿಲ್ಲೆ ದಾಟಿಸಿದ ಇಬ್ಬರವರೆಗೆ ಅಸಿಸ್ಟ್ ಸಿಗುತ್ತದೆ. ಡಿಫೆಂಡರ್‌ನ ಮೊದಲ ಕೆಲಸವೇ ಗೋಲು ತಡೆಯುವುದು. ತಡೆದ ಗೋಲು ಅಂಕಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ಕಾಣುವುದು ಹೊಡೆದದ್ದು, ಹೊಡೆಯಲು ನೆರವಾದದ್ದು ಮಾತ್ರ. ಹೀಗಾಗಿ ಡಿಫೆಂಡರ್ ಬೆಳೆದನೋ ಇಳಿದನೋ ಎಂದು ನಾವು ತೀರ್ಮಾನಿಸುವುದು ಅವನ ಕೆಲಸದ ಅರ್ಧ ಭಾಗವನ್ನೂ ಹೇಳದ ಒಂದು ಅಂಕಿಯಿಂದ.

ಹನ್ನೊಂದು ಜನರ ಲೆಕ್ಕ

ನಂಬಿಕೆಯನ್ನು ಪರೀಕ್ಷಿಸುವಾಗ ನೆನಪಿಗೆ ಬಂದ ಹೆಸರುಗಳನ್ನು ಆರಿಸಿಕೊಳ್ಳಬಾರದು. ಬಿದ್ದವರೇ ಹೆಚ್ಚು ನೆನಪಿರುತ್ತಾರೆ. ಯಾರೋ ಮೊದಲೇ ಆರಿಸಿಟ್ಟ ಪಟ್ಟಿ ಬೇಕು. ಕಾಲ್ಡರ್ ಟ್ರೋಫಿಯ ಪಟ್ಟಿ ಅದಕ್ಕೆ ಹೇಳಿ ಮಾಡಿಸಿದಂತಿದೆ. 1967ರಿಂದ 2022ರವರೆಗೆ 11 ಡಿಫೆಂಡರ್‌ಗಳು ಅದನ್ನು ಗೆದ್ದಿದ್ದಾರೆ: ಬಾಬಿ ಆರ್, ಡೆನಿಸ್ ಪಾಟ್ವಿನ್, ರೇ ಬೋರ್ಕ್, ಗ್ಯಾರಿ ಸೂಟರ್, ಬ್ರಯನ್ ಲೀಚ್, ಬ್ರಯನ್ ಬೆರಾರ್ಡ್, ಬ್ಯಾರೆಟ್ ಜ್ಯಾಕ್‌ಮನ್, ಟೈಲರ್ ಮೈಯರ್ಸ್, ಆರನ್ ಎಕ್‌ಬ್ಲಾಡ್, ಕೇಲ್ ಮಕಾರ್, ಮೊರಿಟ್ಜ್ ಜೈಡರ್. ಭರ್ಜರಿ ಮೊದಲ ವರ್ಷ ಎಂದರೆ ಇವರದೇ.

ಮೊದಲು ಒಟ್ಟು ಪಾಯಿಂಟ್ ನೋಡೋಣ. 11 ಜನರಲ್ಲಿ 10 ಜನರ ಮೊತ್ತ ಎರಡನೇ ವರ್ಷ ಕಡಿಮೆಯಾಗಿದೆ! ಏರಿದ್ದು ಪಾಟ್ವಿನ್ ಅವರದೊಂದೇ: ನ್ಯೂಯಾರ್ಕ್ ಐಲ್ಯಾಂಡರ್ಸ್ ಪರ 54 ಇದ್ದದ್ದು 76 ಆಯಿತು. ಎರಡನೇ ವರ್ಷದ ಕುಸಿತ ಎಂಬ ಮಾತು ಯಾಕೆ ಇಷ್ಟು ಗಟ್ಟಿಯಾಗಿ ಬೇರೂರಿದೆ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಈಗ ಆಡಿದ ಪಂದ್ಯಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಬೋಸ್ಟನ್ ಬ್ರೂಯಿನ್ಸ್‌ನ ಬಾಬಿ ಆರ್ ಮೊದಲ ವರ್ಷ 61 ಪಂದ್ಯಗಳಲ್ಲಿ 41 ಪಾಯಿಂಟ್ ಗಳಿಸಿದರೆ, ಎರಡನೇ ವರ್ಷ ಮೊಣಕಾಲಿನ ಗಾಯದ ನಡುವೆ 46 ಪಂದ್ಯಗಳಲ್ಲಿ 31. ಪಂದ್ಯವೊಂದಕ್ಕೆ ಸರಾಸರಿ ಎರಡೂ ವರ್ಷ 0.67. ಅದೇ ಎರಡನೇ ವರ್ಷ ಅವರು ನಾರಿಸ್ ಟ್ರೋಫಿಯನ್ನೂ ಗೆದ್ದರು. ಅದೇ ತಂಡದ ರೇ ಬೋರ್ಕ್ 80 ಪಂದ್ಯಗಳಲ್ಲಿ 65, ಆಮೇಲೆ 67 ಪಂದ್ಯಗಳಲ್ಲಿ 56. ಸರಾಸರಿ ಸ್ವಲ್ಪ ಏರಿತು. ಬೆರಾರ್ಡ್ ಅವರದೂ ಹಾಗೆಯೇ. ಕೊಲೊರಾಡೊ ಅವಲಾಂಚ್‌ನ ಮಕಾರ್ 57 ಪಂದ್ಯಗಳಲ್ಲಿ 50 ಗಳಿಸಿದ್ದರು. ಕೊರೊನಾದಿಂದ ಋತುವೇ ಮೊಟಕಾದ ಮರುವರ್ಷ 44 ಪಂದ್ಯಗಳಲ್ಲಿ 44. ಮೊತ್ತ ಇಳಿದಿದೆ, ಆಟ ಏರಿದೆ. ಎಕ್‌ಬ್ಲಾಡ್ ಅವರದು 0.48ರಿಂದ 0.46, ವ್ಯತ್ಯಾಸ ಎನ್ನುವಷ್ಟು ವ್ಯತ್ಯಾಸವಿಲ್ಲ.

ಸ್ಪಷ್ಟವಾಗಿ ಇಳಿದವರು ನಾಲ್ವರು: ಸೂಟರ್, ಲೀಚ್, ಮೈಯರ್ಸ್, ಜೈಡರ್. ಸೇಂಟ್ ಲೂಯಿಸ್ ಬ್ಲೂಸ್‌ನ ಜ್ಯಾಕ್‌ಮನ್ ಗಾಯದಿಂದ ಎರಡನೇ ವರ್ಷ 15 ಪಂದ್ಯ ಮಾತ್ರ ಆಡಿದರು, ಅವರನ್ನು ಬದಿಗಿಡೋಣ. ಉಳಿದ ಹತ್ತು ಜನ ಸೇರಿ ಮೊದಲ ವರ್ಷ 750 ಪಂದ್ಯಗಳಲ್ಲಿ 534 ಪಾಯಿಂಟ್, ಎರಡನೇ ವರ್ಷ 691 ಪಂದ್ಯಗಳಲ್ಲಿ 473. 82 ಪಂದ್ಯಗಳ ಋತುವಿಗೆ ಹೊಂದಿಸಿದರೆ 58 ಪಾಯಿಂಟ್ ಇದ್ದದ್ದು 56 ಆಗಿದೆ. ಇಡೀ ಋತುವಿಗೆ ಎರಡು ಪಾಯಿಂಟ್! ಕುಸಿತ ಎಂದು ಹೆಸರಿಟ್ಟದ್ದರಲ್ಲಿ ಹೆಚ್ಚಿನ ಪಾಲು ಆಡದೆ ಉಳಿದ ಪಂದ್ಯಗಳದ್ದು.

ಇಳಿಯಬೇಕಾದ್ದೇ ಇಳಿದಾಗ

ಹಾಗಂತ ಲೀಚ್, ಸೂಟರ್ ಅವರ ಅಂಕಿ ಇಳಿದದ್ದು ಸುಳ್ಳಲ್ಲ. ಅದಕ್ಕೆ ಮೊದಲ ಕಾರಣ ಹುಡುಕಲು ಹಾಕಿಯಿಂದ ಸ್ವಲ್ಪ ದೂರ ಹೋಗಬೇಕು. 1886ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 205 ದಂಪತಿಗಳ ಮತ್ತು ಅವರ 928 ವಯಸ್ಕ ಮಕ್ಕಳ ಎತ್ತರವನ್ನು ಹೋಲಿಸಿ ಒಂದು ಸಂಗತಿ ತೋರಿಸಿದರು. ತುಂಬಾ ಎತ್ತರದ ತಂದೆತಾಯಿಯ ಮಕ್ಕಳು ಎತ್ತರವೇ ಇರುತ್ತಾರೆ, ಆದರೆ ಸರಾಸರಿಯಲ್ಲಿ ತಂದೆತಾಯಿಯಷ್ಟಲ್ಲ. ತುಂಬಾ ಕುಳ್ಳಗಿರುವವರ ಮಕ್ಕಳು ಅವರಿಗಿಂತ ತುಸು ಎತ್ತರ. ತುತ್ತತುದಿಯಲ್ಲಿದ್ದದ್ದು ಮುಂದಿನ ಸಲ ನಡುವಿನ ಕಡೆಗೆ ಸರಿಯುತ್ತದೆ. ಸಂಖ್ಯಾಶಾಸ್ತ್ರ ಇದನ್ನು ಸರಾಸರಿಯತ್ತ ಮರಳುವಿಕೆ ಎನ್ನುತ್ತದೆ.

ಇದನ್ನು ಮಾವಿನ ಮರದ ಜತೆ ಇಟ್ಟು ನೋಡಿದರೆ ಗೊಂದಲ ಬಗೆಹರಿಯುತ್ತದೆ. ಒಂದು ವರ್ಷ ಮೈತುಂಬ ಕಾಯಿ ಬಿಟ್ಟ ಮಾವು ಮರುವರ್ಷ ಬಡವಾಗುತ್ತದೆ. ಅಲ್ಲಿ ಮರಕ್ಕೇ ದಣಿವಾಗಿದೆ. ಅದರೊಳಗಿನ ಶಕ್ತಿ ಕಾಯಿಗೆ ಹೋಗಿ ಮುಗಿದಿದೆ. ಡಿಫೆಂಡರ್‌ನ ಎರಡನೇ ವರ್ಷವನ್ನೂ ನಾವು ಹಾಗೆಯೇ ಓದುತ್ತೇವೆ: ಹುಡುಗ ದಣಿದ, ಹೆಸರು ತಲೆಗೇರಿತು, ಹಸಿವು ಹೋಯಿತು. ಆದರೆ ಸರಾಸರಿಯತ್ತ ಮರಳುವಾಗ ಯಾರಿಗೂ ದಣಿವಾಗಿರುವುದಿಲ್ಲ. ಮೊದಲ ವರ್ಷದ ಅಂಕಿಯಲ್ಲಿ ಸಾಮರ್ಥ್ಯದ ಜತೆ ಅದೃಷ್ಟವೂ ಬೆರೆತಿತ್ತು. ಸಾಮರ್ಥ್ಯ ಉಳಿದಿದೆ, ಅದೃಷ್ಟ ಹೋಗಿದೆ. ಇಷ್ಟೇ ಆಗಿರುವುದು.

ಈ ಅದೃಷ್ಟ ಎಷ್ಟು ದೊಡ್ಡದು ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಡಿಫೆಂಡರ್ ಹೆಚ್ಚಾಗಿ ಹೊಡೆಯುವುದು ಗೋಲಿನಿಂದ 60 ಅಡಿಯಷ್ಟು ದೂರದ ನೀಲಿ ಗೆರೆಯ ಬಳಿಯಿಂದ. ಅಲ್ಲಿಂದ ಹೊರಟ ಬಿಲ್ಲೆ ಯಾರದೋ ಕಾಲಿಗೆ ತಾಗುತ್ತದೆ, ಯಾರದೋ ಕೋಲಿಗೆ ಸವರಿ ದಿಕ್ಕು ತಪ್ಪುತ್ತದೆ, ಗೋಲ್‌ಕೀಪರ್‌ಗೆ ಜನರ ನಡುವೆ ಕಾಣದೇ ಹೋಗುತ್ತದೆ. ನೂರಕ್ಕೆ ಐದು ಹೊಡೆತ ಗೋಲಾಗುವ ಸಾಮರ್ಥ್ಯದ ಒಬ್ಬ ಡಿಫೆಂಡರ್ ಋತುವಿನಲ್ಲಿ 200 ಸಲ ಹೊಡೆದ ಎಂದುಕೊಳ್ಳಿ. ಸರಾಸರಿ 10 ಗೋಲು ಬರಬೇಕು. ಆದರೆ ಕೇವಲ ಅದೃಷ್ಟದ ಏರಿಳಿತದಿಂದಲೇ ಒಂದು ವರ್ಷ 14, ಇನ್ನೊಂದು ವರ್ಷ 7 ಬಂದರೆ ಅಚ್ಚರಿಪಡಬೇಕಿಲ್ಲ. 14ರ ವರ್ಷ ಪತ್ರಿಕೆಗಳು ಅವನನ್ನು ಹೊಗಳುತ್ತವೆ, 7ರ ವರ್ಷ ಅವನಿಗೇನಾಯಿತು ಎಂದು ಕೇಳುತ್ತವೆ. ಎರಡೂ ವರ್ಷ ಹುಡುಗ ಒಬ್ಬನೇ, ಹೊಡೆತವೂ ಅದೇ. ಅಸಿಸ್ಟ್ ಇನ್ನೂ ಪರಾಧೀನ. ಪಾಸ್ ಎಷ್ಟೇ ಸೊಗಸಾಗಿರಲಿ, ಅದು ಲೆಕ್ಕಕ್ಕೆ ಬರುವುದು ಬೇರೊಬ್ಬರು ಗೋಲು ಹೊಡೆದಾಗ ಮಾತ್ರ.

ಕಾಲ್ಡರ್ ಗೆದ್ದವರನ್ನೇ ಆರಿಸಿಕೊಂಡರೆ, ಅದೃಷ್ಟವೂ ಕೈಹಿಡಿದವರನ್ನೇ ಆರಿಸಿಕೊಂಡಂತೆ. ಹಾಗಾಗಿ ಮರುವರ್ಷ ಅವರ ಅಂಕಿ ಜೋರಾಗಿಯೇ ಇಳಿಯಬೇಕಿತ್ತು. ಇಳಿದದ್ದು ಮಾತ್ರ ಎರಡೇ ಪಾಯಿಂಟ್. ಯಾಕೆ? ಅದೃಷ್ಟ ಕೆಳಗೆಳೆಯುತ್ತಿದ್ದಾಗ ಬೇರೇನೋ ಮೇಲಕ್ಕೆ ತಳ್ಳುತ್ತಿತ್ತು. ಅದು ಬೆಳವಣಿಗೆ. ಇಪ್ಪತ್ತರ ಹುಡುಗನ ಮೈ ಗಟ್ಟಿಯಾಗುತ್ತಿದೆ, ಕಣ್ಣು ಪಳಗುತ್ತಿದೆ. ಅಂಕಿ ಇದ್ದಲ್ಲೇ ನಿಂತಿದೆ ಎಂದರೆ ಹುಡುಗ ಮುಂದೆ ಹೋಗಿದ್ದಾನೆ ಎಂದೇ ಅರ್ಥ.

ಕೆಲಸವೇ ಬದಲಾಗುತ್ತದೆ

ಅದೃಷ್ಟದ ಆಚೆಗೆ ಇನ್ನೊಂದು ಕಾರಣವಿದೆ: ಎರಡನೇ ವರ್ಷ ಅವನಿಗೆ ಕೊಡುವ ಕೆಲಸವೇ ಬೇರೆ.

ತವರು ರಿಂಕ್‌ನಲ್ಲಿ ಆಡುವಾಗ, ಆಟ ನಿಂತಾಗಲೆಲ್ಲ ಆಟಗಾರರನ್ನು ಕೊನೆಯದಾಗಿ ಬದಲಿಸುವ ಹಕ್ಕು ತವರು ತಂಡದ ಕೋಚ್‌ಗೆ ಇರುತ್ತದೆ. ಎದುರಾಳಿ ಯಾರನ್ನು ಇಳಿಸಿದ ಎಂದು ನೋಡಿಕೊಂಡು ತನ್ನವರನ್ನು ಇಳಿಸಬಹುದು. ಜಾಣ ಕೋಚ್ ಹೊಸ ಹುಡುಗನನ್ನು ಇದೇ ಉಪಾಯದಿಂದ ಕಾಪಾಡುತ್ತಾನೆ: ಎದುರಾಳಿಯ ಮೂರನೇ ಸಾಲಿನ ಫಾರ್ವರ್ಡ್‌ಗಳ ಎದುರು, ಆದಷ್ಟು ಎದುರಾಳಿಯ ತುದಿಯಲ್ಲೇ ಆಟ ಶುರುವಾಗುವಾಗ. ಹುಡುಗ ಮಿಂಚುತ್ತಾನೆ. ಮರುವರ್ಷ ಆ ರಕ್ಷಣೆ ತೆಗೆದು ಎದುರಾಳಿಯ ಮೊದಲ ಸಾಲಿನ ಎದುರು, ತನ್ನದೇ ಗೋಲಿನ ಬಳಿ ನಿಲ್ಲಿಸುತ್ತಾರೆ. ಅಂಕಿ ಇಳಿಯುತ್ತದೆ. ಅದು ಬಡ್ತಿ, ಹೊರಗಿನವರಿಗೆ ಹಿಂಬಡ್ತಿಯಂತೆ ಕಾಣುತ್ತದೆ.

ಎದುರಾಳಿಗಳೂ ಸುಮ್ಮನೆ ಕೂರುವುದಿಲ್ಲ. ಒಂದು ಇಡೀ ಋತುವಿನ ವಿಡಿಯೊ ಅವರ ಬಳಿ ಇರುತ್ತದೆ. ಡಿಫೆಂಡರ್‌ನ ಅತಿ ಕಷ್ಟದ ಕ್ಷಣ ಹೀಗಿರುತ್ತದೆ. ಎದುರಾಳಿಗಳು ಬಿಲ್ಲೆಯನ್ನು ಅವನ ಬೆನ್ನ ಹಿಂದಿನ ಮೂಲೆಗೆ ತಳ್ಳಿ ಬೆನ್ನಟ್ಟಿ ಬರುತ್ತಾರೆ. ಅವನು ತಿರುಗಿ ಗೋಡೆಯತ್ತ ಸ್ಕೇಟ್ ಮಾಡಬೇಕು. ಬಿಲ್ಲೆ ಮುಟ್ಟುವ ಮೊದಲೇ ಒಮ್ಮೆ ಎಡ ಭುಜದ ಮೇಲಿಂದ, ಒಮ್ಮೆ ಬಲ ಭುಜದ ಮೇಲಿಂದ ಹಿಂದೆ ನೋಡಬೇಕು: ಬೆನ್ನಟ್ಟಿದವನು ಎಷ್ಟು ಹತ್ತಿರ, ಯಾವ ಬದಿಯಿಂದ, ಜೊತೆಗಾರ ಎಲ್ಲಿ. ಆಮೇಲೆ ಒಂದು ಬದಿಗೆ ಹೋದಂತೆ ಮೈ ಬಾಗಿಸಿ ಇನ್ನೊಂದು ಬದಿಗೆ ತಿರುಗಿ ಪಾಸ್ ಕೊಡಬೇಕು. ಇಷ್ಟಕ್ಕೂ ಸಿಗುವ ಸಮಯ ಒಂದೆರಡು ಸೆಕೆಂಡ್. ತಡವಾದರೆ ನೂರು ಕಿಲೋ ತೂಕದವನೊಬ್ಬ ಅವನನ್ನು ಗೋಡೆಗೆ ಅಪ್ಪಳಿಸುತ್ತಾನೆ. ಮೊದಲ ವರ್ಷ ಅವನು ಯಾವ ಬದಿಗೆ ಹೆಚ್ಚಾಗಿ ತಿರುಗುತ್ತಾನೆ ಎಂದು ಯಾರಿಗೂ ಗೊತ್ತಿರಲಿಲ್ಲ. ಎರಡನೇ ವರ್ಷ ಎಲ್ಲರಿಗೂ ಗೊತ್ತು. ಆ ಬದಿಯಲ್ಲಿ ಮೊದಲೇ ಒಬ್ಬ ಕಾದಿರುತ್ತಾನೆ. ಹುಡುಗ ಹೊಸ ದಾರಿ ಕಲಿಯಲೇಬೇಕು. ಕಲಿಯುವಾಗ ಎಡವುವುದೂ ಇದೆ.

ಪಕ್ಕದಲ್ಲಿ ಯಾರಿದ್ದಾರೆ ಎಂಬುದು ಇನ್ನೊಂದು ಸಂಗತಿ. ವ್ಯಾಂಕೂವರ್ ಕನಕ್ಸ್‌ನ ಕ್ವಿನ್ ಹ್ಯೂಸ್ 2019–20ರಲ್ಲಿ 53 ಪಾಯಿಂಟ್ ಗಳಿಸಿ ಕಾಲ್ಡರ್ ಮತದಾನದಲ್ಲಿ ಮಕಾರ್ ನಂತರದ ಸ್ಥಾನ ಪಡೆದರು. ಆ ವರ್ಷ ಅವರ ಜೊತೆಗಾರ ಅನುಭವಿ ಕ್ರಿಸ್ ತಾನೆವ್. ಗೋಲು ಕಾಯುವ ಕೆಲಸ ತಾನೆವ್ ನೋಡಿಕೊಂಡರೆ ಹ್ಯೂಸ್ ಮುನ್ನುಗ್ಗುತ್ತಿದ್ದರು. ಋತು ಮುಗಿದ ಮೇಲೆ ತಾನೆವ್ ಕ್ಯಾಲ್ಗರಿಗೆ ಹೋದರು. ಮರುವರ್ಷ ಹ್ಯೂಸ್ ಅವರ ಪ್ಲಸ್–ಮೈನಸ್ ಮೈನಸ್ 24ಕ್ಕೆ ಇಳಿಯಿತು. ಅಂದರೆ, ಎದುರಾಳಿಗಿಂತ ಹೆಚ್ಚು ಆಟಗಾರರಿದ್ದಾಗ ಹೊಡೆದ ಗೋಲುಗಳನ್ನು ಬಿಟ್ಟು ಲೆಕ್ಕ ಹಾಕಿದರೆ, ಅವರು ರಿಂಕ್‌ನಲ್ಲಿದ್ದಾಗ ತಂಡ ಹೊಡೆದದ್ದಕ್ಕಿಂತ 24 ಗೋಲು ಹೆಚ್ಚು ಬಿಟ್ಟುಕೊಟ್ಟಿತ್ತು. ತಂಡವನ್ನೇ ಕೊರೊನಾ ಆವರಿಸಿದ ವರ್ಷವೂ ಅದೇ. ರಕ್ಷಣೆ ಬಾರದ ಹುಡುಗ ಎಂಬ ಮಾತು ಆಗ ಹುಟ್ಟಿತು. 2023ರಲ್ಲಿ ಅವರು ತಂಡದ ನಾಯಕರಾದರು. 2024ರಲ್ಲಿ 92 ಪಾಯಿಂಟ್‌ಗಳೊಂದಿಗೆ ನಾರಿಸ್ ಟ್ರೋಫಿ ಗೆದ್ದರು.

ಡೆಟ್ರಾಯಿಟ್ ರೆಡ್ ವಿಂಗ್ಸ್‌ನ ಜರ್ಮನ್ ಆಟಗಾರ ಮೊರಿಟ್ಜ್ ಜೈಡರ್ ಅವರದು ಇನ್ನೂ ಸ್ಪಷ್ಟ ಉದಾಹರಣೆ. ಮೊದಲ ವರ್ಷ 50 ಪಾಯಿಂಟ್. ಎರಡನೇ ವರ್ಷ ಹೊಸ ಕೋಚ್, ಬೆನ್ ಷಿಯಾರಟ್ ಎಂಬ ಹೊಸ ಜೊತೆಗಾರ. ಆರಂಭದಲ್ಲಿ ಆಟ ತಡವರಿಸಿತು. ಜೇಕ್ ವಾಲ್ಮನ್ ಜೋಡಿಯಾದ ಮೇಲೆ ಸರಿಹೋಯಿತು. ಕೊನೆಗೆ 42 ಪಾಯಿಂಟ್. ಮೂರನೇ ವರ್ಷವೂ 42. ಅಂಕಿ ಮಾತ್ರ ನೋಡುವವರಿಗೆ ಇದು ಇಳಿದು ನಿಂತ ಆಟಗಾರನ ಕಥೆ. ಆದರೆ ಆ ವರ್ಷಗಳಲ್ಲಿ ಎದುರಾಳಿಯ ಅತಿ ಬಲಿಷ್ಠ ಫಾರ್ವರ್ಡ್‌ಗಳನ್ನು ತಡೆಯುವ ಹೊಣೆ ಹೆಚ್ಚುಹೆಚ್ಚಾಗಿ ಅವರ ಹೆಗಲಿಗೆ ಬಂದಿತ್ತು. 2024ರಲ್ಲಿ ತಂಡ ಅವರಿಗೆ ಏಳು ವರ್ಷಗಳ ಒಪ್ಪಂದ ಕೊಟ್ಟಿತು, ವರ್ಷಕ್ಕೆ 85.5 ಲಕ್ಷ ಡಾಲರ್. ಒಳಗಿನವರು ಏನು ನೋಡುತ್ತಿದ್ದರು ಎಂಬುದನ್ನು ಆ ಮೊತ್ತವೇ ಹೇಳುತ್ತದೆ.

ಕಾಣದ ಗಾಯ

ಎರಡನೇ ವರ್ಷದ ಅಂಕಿಯ ಹಿಂದೆ ಅನೇಕ ಸಲ ಆಸ್ಪತ್ರೆಯ ಕಡತವೊಂದು ಇರುತ್ತದೆ. ಕೊಲಂಬಸ್ ಬ್ಲೂ ಜಾಕೆಟ್ಸ್‌ನ ಝ್ಯಾಕ್ ವೆರೆನ್‌ಸ್ಕಿ ಮೊದಲ ವರ್ಷ 47, ಎರಡನೇ ವರ್ಷ 37 ಪಾಯಿಂಟ್ ಗಳಿಸಿದರು. ಆ ವರ್ಷ ಅವರು ಆಡಿದ್ದು ಗಾಯಗೊಂಡ ಭುಜ ಇಟ್ಟುಕೊಂಡು. ಋತು ಮುಗಿದ ಮೇಲೆ, 2018ರಲ್ಲಿ, ಶಸ್ತ್ರಚಿಕಿತ್ಸೆ ಆಯಿತು. ಹಾಕಿಯಲ್ಲಿ ಗಾಯ ಮುಚ್ಚಿಡುವುದು ರೂಢಿ, ಯಾಕೆಂದರೆ ಎದುರಾಳಿಗೆ ಗೊತ್ತಾದರೆ ಅಲ್ಲಿಗೇ ಪೆಟ್ಟು ಬೀಳುತ್ತದೆ. ಹೀಗಾಗಿ ನೋಡುವವರ ಕಣ್ಣಿಗೆ ಬೀಳುವುದು ಇಳಿದ ಅಂಕಿ, ನೋವು ಬೀಳುವುದಿಲ್ಲ.

ಅವಸರದ ತೀರ್ಪಿನ ಬೆಲೆ

ಫಿಲಡೆಲ್ಫಿಯಾ ಫ್ಲೈಯರ್ಸ್‌ನ ಷೇನ್ ಗಾಸ್ಟಿಸ್‌ಬಿಹಿಯರ್ 2015–16ರಲ್ಲಿ 64 ಪಂದ್ಯಗಳಲ್ಲಿ 17 ಗೋಲು, 46 ಪಾಯಿಂಟ್ ಗಳಿಸಿ ಊರಿನ ಕಣ್ಮಣಿಯಾದರು. ಬೇಸಿಗೆಯಲ್ಲಿ ಸೊಂಟ ಮತ್ತು ಕಿಬ್ಬೊಟ್ಟೆಗೆ ಶಸ್ತ್ರಚಿಕಿತ್ಸೆ. ಎರಡನೇ ವರ್ಷ ಗೋಲು 7ಕ್ಕೆ ಕುಸಿಯಿತು. ಮೂರನೇ ವರ್ಷ 65 ಪಾಯಿಂಟ್‌ಗಳೊಂದಿಗೆ ಮತ್ತೆ ಎದ್ದರು. ಆಮೇಲೆ ಮತ್ತೆ ಇಳಿಮುಖ. 2021ರಲ್ಲಿ ತಂಡ ಅವರನ್ನು ಯಾರು ಬೇಕಾದರೂ ಪುಕ್ಕಟೆ ಒಯ್ಯಬಹುದಾದ ಪಟ್ಟಿಗೆ ಹಾಕಿದಾಗ ಯಾವ ತಂಡವೂ ಕೈ ಚಾಚಲಿಲ್ಲ. ಅದೇ ಬೇಸಿಗೆಯಲ್ಲಿ ಫ್ಲೈಯರ್ಸ್ ಅವರನ್ನು ಅರಿಜೋನಾ ಕೊಯೋಟೀಸ್‌ಗೆ ದಾಟಿಸಿತು. ಬದಲಿಗೆ ಆಟಗಾರನನ್ನು ಪಡೆಯುವುದಿರಲಿ, ಹೊಸಬರನ್ನು ಆರಿಸಿಕೊಳ್ಳುವ ತನ್ನ ಎರಡು ಹಕ್ಕುಗಳನ್ನೂ ಜತೆಗೆ ಕೊಟ್ಟಿತು. ಮರು ಋತುವಿನಲ್ಲಿ ಅರಿಜೋನಾ ಪರ ಅವರು ಗಳಿಸಿದ್ದು 51 ಪಾಯಿಂಟ್. ಮುಗಿದುಹೋದ ಎಂದು ಹಕ್ಕುಗಳನ್ನೂ ಜತೆಗೆ ಕೊಟ್ಟು ಕಳಿಸಿದ ಆಟಗಾರ ಮುಗಿದಿರಲಿಲ್ಲ.

ಇಂಥ ತಪ್ಪು ಯಾಕೆ ಮರುಕಳಿಸುತ್ತದೆ ಎಂಬುದಕ್ಕೆ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಹೇಳುತ್ತಿದ್ದ ಇಸ್ರೇಲ್ ವಾಯುಪಡೆಯ ತರಬೇತುದಾರರ ಪ್ರಸಂಗ ಉತ್ತರ ಕೊಡುತ್ತದೆ. ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಗದರಿದರೆ ಸುಧಾರಿಸುತ್ತಾನೆ ಎಂಬುದು ಅವರ ಅನುಭವ. ಕಂಡದ್ದು ನಿಜ, ಕಾರಣ ತಪ್ಪು. ಹೊಗಳಲಿ, ಬಯ್ಯಲಿ, ಅಸಾಮಾನ್ಯವಾದದ್ದರ ಮರುದಿನ ಸಾಮಾನ್ಯವಾದದ್ದೇ ಬರುತ್ತದೆ. ಹಾಕಿ ಕೋಚ್ ಕೂಡ ಎಡವಿದ ಹುಡುಗನನ್ನು ಒಂದೆರಡು ಪಂದ್ಯ ಹೊರಗೆ ಕೂರಿಸುತ್ತಾನೆ. ಹುಡುಗ ಮರಳಿ ಚೆನ್ನಾಗಿ ಆಡುತ್ತಾನೆ, ಹೆಸರು ಶಿಕ್ಷೆಗೆ ಹೋಗುತ್ತದೆ. ಹಾಗೆ ಶಿಕ್ಷೆಯ ಮೇಲಿನ ನಂಬಿಕೆ ಬೆಳೆಯುತ್ತದೆ. ಇಪ್ಪತ್ತರ ಹುಡುಗನ ಆತ್ಮವಿಶ್ವಾಸ ಅದಕ್ಕೆ ಬಲಿಯಾಗುತ್ತದೆ.

ಹಾಗಾದರೆ ಕುಸಿತ ಇಲ್ಲವೇ?

ಇಲ್ಲವೆಂದೇನಲ್ಲ. ಬಫಲೊ ಸೇಬರ್ಸ್‌ನ ಟೈಲರ್ ಮೈಯರ್ಸ್, ಆರು ಅಡಿ ಎಂಟು ಇಂಚು ಎತ್ತರದ ಹುಡುಗ, 2009–10ರಲ್ಲಿ 48 ಪಾಯಿಂಟ್ ಗಳಿಸಿ ಕಾಲ್ಡರ್ ಗೆದ್ದರು. ಮರುವರ್ಷ 37. ಆ 48ನ್ನು ಅವರು ಮುಂದೆಂದೂ ಮುಟ್ಟಲಿಲ್ಲ. ಆದರೂ ಸಾವಿರಕ್ಕೂ ಹೆಚ್ಚು ಎನ್‌ಎಚ್‌ಎಲ್ ಪಂದ್ಯ ಆಡಿದ್ದಾರೆ. ಅವರು ಕೆಟ್ಟರು ಎನ್ನುವುದಕ್ಕಿಂತ, ಮೊದಲ ವರ್ಷ ಅವರ ನಿಜವಾದ ಮಟ್ಟಕ್ಕಿಂತ ಮೇಲಿತ್ತು ಎನ್ನುವುದು ಸರಿ. ಇನ್ನೊಂದು ತುದಿಯಲ್ಲಿ ರೇಂಜರ್ಸ್‌ನ ಆಡಮ್ ಫಾಕ್ಸ್ ಇದ್ದಾರೆ: ಮೊದಲ ವರ್ಷ 70 ಪಂದ್ಯಗಳಲ್ಲಿ 42 ಪಾಯಿಂಟ್, ಮರುವರ್ಷ 55 ಪಂದ್ಯಗಳಲ್ಲೇ 47. ಎರಡನೇ ವರ್ಷವೇ ನಾರಿಸ್ ಟ್ರೋಫಿ. ಅವರಿಗೆ ಮುಂಚೆ ಆ ಸಾಧನೆ ಮಾಡಿದ್ದು ಬಾಬಿ ಆರ್ ಒಬ್ಬರೇ. ಲೀಚ್ ಜತೆ ಇಳಿದಿದ್ದ ಕ್ಯಾಲ್ಗರಿ ಫ್ಲೇಮ್ಸ್‌ನ ಗ್ಯಾರಿ ಸೂಟರ್ 68ರಿಂದ 49ಕ್ಕೆ ಬಂದು, ಮೂರನೇ ವರ್ಷ 91ಕ್ಕೆ ಏರಿದರು. ಒಂದೇ ಬಗೆಯ ಮೊದಲ ವರ್ಷದಿಂದ ಹೊರಟವರ ದಾರಿ ಇಷ್ಟು ಬಗೆಯಾಗಿ ಕವಲೊಡೆಯುತ್ತದೆ. ಆ ಕವಲುಗಳ ಬಗ್ಗೆ ಎರಡನೇ ವರ್ಷದ ಪಾಯಿಂಟ್ ನಮಗೆ ಹೇಳುವುದು ತೀರಾ ಕಡಿಮೆ.

ಎರಡನೇ ವರ್ಷದ ಡಿಫೆಂಡರ್‌ನನ್ನು ಅಳೆಯಲು ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ಕೋಚ್ ಅವನನ್ನು ಎಷ್ಟು ನಿಮಿಷ, ಯಾರೆದುರು ಆಡಿಸುತ್ತಿದ್ದಾನೆ? ಒಂದು ಗೋಲಿನ ಮುನ್ನಡೆಯಲ್ಲಿ ಕೊನೆಯ ನಿಮಿಷ ಉಳಿದಾಗ ರಿಂಕ್‌ಗೆ ಇಳಿಸುವುದು ಅವನನ್ನೇ? ಗೋಲು ಕಡಿಮೆಯಾಗಿದ್ದರೂ ಹೊಡೆತಗಳ ಸಂಖ್ಯೆ ಹಾಗೇ ಇದೆಯೇ? ಜೊತೆಗಾರ ಯಾರು, ಮೈ ನೆಟ್ಟಗಿದೆಯೇ? ಇವಕ್ಕೆ ಒಳ್ಳೆಯ ಉತ್ತರ ಸಿಕ್ಕರೆ ಪಾಯಿಂಟ್ ಇಳಿದದ್ದರ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಡಿಫೆಂಡರ್ ಪಕ್ವವಾಗಲು 200ರಿಂದ 300 ಪಂದ್ಯ ಬೇಕು ಎಂಬುದು ಹಾಕಿ ವಲಯದ ಹಳೆಯ ಮಾತು. ಋತುವಿಗೆ 82 ಪಂದ್ಯದಂತೆ ಅದು ಮೂರ್ನಾಲ್ಕು ವರ್ಷ. ಅಷ್ಟು ವರ್ಷ ಕಾಯಬೇಕು ಎಂದು ತಿಳಿದಿರುವವರೇ ಎರಡನೇ ವರ್ಷಕ್ಕೆ ತೀರ್ಪು ಬರೆದುಬಿಡುತ್ತಾರೆ ಎಂಬುದೇ ನೋವಿನ ಸಂಗತಿ. ಕಾಲ್ಡರ್ ಗೆದ್ದ ಆ ಡಿಫೆಂಡರ್‌ಗಳ ಅಂಕಿ ಹೇಳುವುದು ಇಷ್ಟು: ಯುವ ಡಿಫೆಂಡರ್ ಸಾಮಾನ್ಯವಾಗಿ ಹಿಂದೆ ಹೋಗುವುದಿಲ್ಲ. ಅವನ ಹೊರೆ ಹೆಚ್ಚುತ್ತದೆ, ಅದೃಷ್ಟ ಸಮಕ್ಕೆ ಬರುತ್ತದೆ, ಮೈಗೆ ಪೆಟ್ಟು ಬೀಳುತ್ತದೆ. ಅದರ ನಡುವೆಯೂ ಅವನು ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ಆಡಿದ್ದರೆ, ಎರಡನೇ ವರ್ಷವನ್ನು ಸೋಲಿನ ಲೆಕ್ಕಕ್ಕೆ ಸೇರಿಸಬಾರದು. ಅದು ಅವನು ಆಟವನ್ನು ನಿಜವಾಗಿ ಕಲಿತ ವರ್ಷ.